ಬಾಯಿಗೆ ನಾಲ್ಕು ಪಿಕ್ಸೆಲ್ ಸಾಕು, ಕೈಗೆ ಒಂಬತ್ತಾದ್ರೂ ಬೇಕು: ಪಿಕ್ಸೆಲ್ ಆರ್ಟ್ ಗೇಮಲ್ಲಿ ಲಿಪ್ ಸಿಂಕ್ ಮತ್ತು ಸೈನ್ ಲಾಂಗ್ವೇಜ್

ಮಾರಿಯೋಗೆ ಮೀಸೆ ಯಾಕಿದೆ ಗೊತ್ತಾ? 1981ರ ಡಾಂಕಿ ಕಾಂಗ್ ಗೇಮಲ್ಲಿ ಅವನ ಇಡೀ ಮೈಗೆ ಸಿಕ್ಕಿದ್ದು ಹೆಚ್ಚುಕಮ್ಮಿ 16 ಪಿಕ್ಸೆಲ್ ಎತ್ತರ, ಅಷ್ಟರಲ್ಲಿ ಬಾಯಿ ಬಿಡಿಸೋಕೆ ಜಾಗ ಎಲ್ಲಿಂದ ಬರ್ಬೇಕು, ಹಂಗಾಗಿ ಅವನನ್ನ ರೂಪಿಸಿದ ಶಿಗೆರು ಮಿಯಾಮೊಟೊ ಒಂದು ದಪ್ಪ ಮೂಗಿಟ್ಟು ಅದರ ಕೆಳಗೆ ಮೀಸೆ ಎಳೆದು ಬಾಯಿಯ ಸಮಸ್ಯೆನೇ ಮುಚ್ಚಿಹಾಕಿಬಿಟ್ರು. ಪಿಕ್ಸೆಲ್ ಆರ್ಟ್, ಅಂದ್ರೆ ಪುಟ್ಟ ಪುಟ್ಟ ಬಣ್ಣದ ಚೌಕ ಒಂದೊಂದಾಗಿ ಇಟ್ಟು ಚಿತ್ರ ಬಿಡಿಸೋದು, ಅದರಲ್ಲಿ ಅರ್ಧಕ್ಕರ್ಧ ಇದೇ ಕೆಲಸ, ಯಾವುದನ್ನ ಬಿಡಿಸೋದು ಅನ್ನೋದಕ್ಕಿಂತ ಯಾವುದನ್ನ ಬಿಟ್ಟುಬಿಡೋದು ಅನ್ನೋ ಲೆಕ್ಕಾಚಾರ.

ಆದ್ರೆ ಕ್ಯಾರೆಕ್ಟರ್ ಮಾತಾಡ್ಲೇಬೇಕು ಅಂದಾಗ ಏನ್ ಮಾಡೋದು? ಮಾತು ಎರಡು ಥರ. ಒಂದು ಬಾಯಿಂದ ಬರೋದು, ಅಲ್ಲಿ ಮಾತಿಗೆ ತಕ್ಕಂತೆ ತುಟಿ ಆಡಿಸ್ಬೇಕು, ಅದಕ್ಕೇ ಲಿಪ್ ಸಿಂಕ್ ಅನ್ನೋದು. ಇನ್ನೊಂದು ಕೈಯಿಂದ, ಅಂದ್ರೆ ಕಿವುಡರು ಬಳಸೋ ಸೈನ್ ಲಾಂಗ್ವೇಜ್. ಎರಡೂ ಅನಿಮೇಷನ್ನೇ ತಾನೆ, ಒಂದು ಬಂದ್ರೆ ಇನ್ನೊಂದೂ ಬರುತ್ತೆ ಅಂತ ಸುಮಾರು ಜನ ಅಂದ್ಕೊಳ್ತಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ತುಟಿ ವಿಷಯದಲ್ಲಿ ಎಷ್ಟು ಬೇಕಾದ್ರೂ ಕಳ್ಳಾಟ ಆಡಬಹುದು, ಯಾಕಂದ್ರೆ ಅರ್ಥ ಹೊತ್ಕೊಂಡು ಬರೋದು ಆಡಿಯೋನೋ ಟೆಕ್ಸ್ಟೋ, ತುಟಿ ಬರೀ ಪಕ್ಕವಾದ್ಯ. ಸೈನ್‌ನಲ್ಲಿ ಆ ಚಿತ್ರವೇ ಭಾಷೆ, ಒಂದೆರಡು ಪಿಕ್ಸೆಲ್ ಆಚೀಚೆ ಆದ್ರೂ ಬೇರೆ ಪದ ಆಗಿಬಿಡುತ್ತೆ.

ಮೊದಲು ತುಟಿ. ಕನ್ನಡಿ ಮುಂದೆ ನಿಂತು ದನಿ ಹೊರಗೆ ಬರದ ಹಾಗೆ "ಪಾಪ", ಆಮೇಲೆ "ಮಾಮ" ಅಂತ ಹೇಳಿ ನೋಡಿ, ಎರಡೂ ಸಲ ತುಟಿ ಒಂದೇ ಥರ ಆಡುತ್ತೆ. ಪ, ಬ, ಮ ಕಿವಿಗೆ ಬೇರೆ ಬೇರೆ, ಕಣ್ಣಿಗೆ ಒಂದೇ. ಕಿವಿಗೆ ಬೇರೆ ಅನ್ಸೋ ಘಟಕಕ್ಕೆ ಫೋನೀಮ್ ಅಂತಾರೆ, ಕಣ್ಣಿಗೆ ಬೇರೆ ಅನ್ಸೋದಕ್ಕೆ ವಿಸೀಮ್. ಕ, ಗ ಹುಟ್ಟೋದು ಗಂಟಲ ಹತ್ರ, ಟ, ಡ, ಣ, ಳ ಅನ್ನೋವಾಗ ನಾಲಿಗೆ ಒಳಗೆ ಮಡಚಿಕೊಳ್ಳುತ್ತೆ, ಇದ್ಯಾವುದೂ ಹೊರಗಡೆಯಿಂದ ಕಾಣಲ್ಲ. ಕಾಣದೇ ಇರೋದನ್ನ ಬಿಡಿಸೋದು ಯಾಕೆ? ಇದೇ ಅನಿಮೇಟರ್‌ಗೆ ಸಿಕ್ಕಿರೋ ದೊಡ್ಡ ರಿಯಾಯಿತಿ.

ಹಾನಾ ಬಾರ್ಬೆರಾ ಸ್ಟುಡಿಯೋದವರು ಫ್ಲಿಂಟ್‌ಸ್ಟೋನ್ಸ್, ಸ್ಕೂಬಿ ಡೂ ಥರದ ಟಿವಿ ಕಾರ್ಟೂನ್‌ಗಳನ್ನ ಕಡಿಮೆ ಖರ್ಚಲ್ಲಿ ಮುಗಿಸೋಕೆ ಆರೇ ಆರು ಬಾಯಿ ಆಕಾರ ಬಳಸ್ತಿದ್ರು, ಮುಚ್ಚಿದ ಬಾಯಿ, ಹಲ್ಲು ಕಚ್ಚಿ ಸ್ವಲ್ಪ ತೆರೆದದ್ದು, ಅರ್ಧ ತೆರೆದದ್ದು, ಪೂರ್ತಿ ಆ ಅಂತ ತೆರೆದದ್ದು, ಸ್ವಲ್ಪ ದುಂಡಗಾಗಿದ್ದು, ಊ ಅಂತ ಮುಂದಕ್ಕೆ ಚಾಚಿದ್ದು. ಇವತ್ತಿಗೂ ಟೂಡಿ ಕೆಲಸದಲ್ಲಿ ಅದೇ ಆರು ಓಡ್ತಿದೆ. ರೂಬಾರ್ಬ್ ಲಿಪ್ ಸಿಂಕ್ ಅಂತ ಒಂದು ಫ್ರೀ ಟೂಲ್ ಇದೆ, ಅದಕ್ಕೆ ಆಡಿಯೋ ಫೈಲ್ ಕೊಟ್ರೆ ಯಾವ ಕ್ಷಣಕ್ಕೆ ಯಾವ ಆಕಾರ ಅಂತ ಪಟ್ಟಿ ಮಾಡಿ ಕೊಡುತ್ತೆ, ಕಡಿಮೆ ಅಂದ್ರೆ ಆರು, ಬೇಕಿದ್ರೆ ಒಂಬತ್ತು ಆಕಾರ. ಇಂಗ್ಲಿಷ್ ಅಲ್ಲದ ಭಾಷೆಗೆ ಅದರಲ್ಲಿ ಫೊನೆಟಿಕ್ ಅಂತ ಬೇರೆ ಮೋಡ್ ಇದೆ, ಪದ ಗುರುತಿಸೋಕೆ ಹೋಗದೆ ಬರೀ ಶಬ್ದ ನೋಡ್ಕೊಂಡು ಕೆಲಸ ಮಾಡುತ್ತೆ, ಕನ್ನಡಕ್ಕೆ ಅದನ್ನೇ ಹಾಕ್ಬೇಕು.

ಇನ್ನು ಎಷ್ಟು ಆಕಾರ ಬೇಕು ಅನ್ನೋದನ್ನ ತಲೆಯ ಸೈಜೇ ಹೇಳುತ್ತೆ. ತಲೆ 8 ಪಿಕ್ಸೆಲ್ ಇದ್ರೆ ಬಾಯಿ ಒಂದೋ ಎರಡೋ ಪಿಕ್ಸೆಲ್, ಅಲ್ಲಿ ತೆರೆದದ್ದು ಮುಚ್ಚಿದ್ದು ಬಿಟ್ರೆ ಮೂರನೇದು ಸಾಧ್ಯನೇ ಇಲ್ಲ, ಅದರ ಬದಲು ಇಡೀ ತಲೆನ ಒಂದು ಪಿಕ್ಸೆಲ್ ಕೆಳಗೆ ಮೇಲೆ ಕುಣಿಸಿದ್ರೆ ಮಾತಾಡ್ತಿದಾನೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತೆ. ತಲೆ 16 ಪಿಕ್ಸೆಲ್ ಆದ್ರೆ ನಾಲ್ಕು ಪಿಕ್ಸೆಲ್ ಅಗಲದ ಬಾಯಿ ಸಿಗುತ್ತೆ, ಮುಚ್ಚಿದ್ದು, ಅಗಲ, ದೊಡ್ಡದು, ದುಂಡು ಅಂತ ನಾಲ್ಕು ಆಕಾರ ಆರಾಮಾಗಿ ಹಿಡಿಸುತ್ತೆ. ಆರೂ ಬೇಕು ಅಂದ್ರೆ ಡೈಲಾಗ್ ಬಾಕ್ಸ್ (ಮಾತು ಬರೆದು ಬರೋ ಚೌಕ) ಪಕ್ಕ ದೊಡ್ಡದಾಗಿ ಬರೋ 64×64 ಪಿಕ್ಸೆಲ್ ಪೋರ್ಟ್ರೇಟ್‌ಗೆ ಹೋಗ್ಬೇಕು. ಒಂದು ಸಣ್ಣ ಟ್ರಿಕ್ ಹೇಳ್ತೀನಿ, ಆ ಅಂತ ಬಾಯಿ ತೆರೆದಾಗ ಬಾಯಿ ಒಳಗಿನ ಕಪ್ಪು ಜಾಸ್ತಿ ಮಾಡಿ ಸುಮ್ಮನಾಗ್ಬೇಡಿ, ಗದ್ದದ ಗೆರೆನೂ ಒಂದು ಪಿಕ್ಸೆಲ್ ಕೆಳಗೆ ಇಳಿಸಿ. ದವಡೆ ಅಲುಗಾಡದೆ ಬಾಯಿ ಮಾತ್ರ ಬದಲಾದ್ರೆ ಮುಖದ ಮೇಲೆ ಸ್ಟಿಕರ್ ಅಂಟಿಸಿದ ಹಾಗೆ ಇರುತ್ತೆ.

ಟೈಮಿಂಗ್ ವಿಷಯಕ್ಕೆ ಬಂದ್ರೆ, ಮಾಮೂಲಿ ಮಾತಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಉದುರುತ್ತೆ, ನಿಮ್ಮ ಅನಿಮೇಷನ್ ಸೆಕೆಂಡಿಗೆ 12 ಫ್ರೇಮ್ (ಒಂದೊಂದು ಬಿಡಿ ಚಿತ್ರ) ಇದ್ರೆ ಒಂದೊಂದು ಅಕ್ಷರಕ್ಕೆ ಎರಡು ಮೂರು ಫ್ರೇಮ್ ಅಷ್ಟೇ. ಅದರೊಳಗೆ ಎಲ್ಲಾ ವ್ಯಂಜನ ತುರುಕೋಕೆ ಹೋದ್ರೆ ಬಾಯಿ ಚಳಿಗೆ ನಡುಗಿದ ಹಾಗೆ ಕಾಣುತ್ತೆ. ಸ್ವರ ಹಿಡೀರಿ, ವ್ಯಂಜನ ಬಿಡಿ, ಆದ್ರೆ ಪ, ಬ, ಮ ಮಾತ್ರ ಬಿಡಂಗಿಲ್ಲ. ತುಟಿ ಮುಚ್ಚದೆ "ಅಮ್ಮ" ಅನ್ನೋಕಾಗಲ್ಲ ಅನ್ನೋದು ನೋಡೋರ ಮೈಯಲ್ಲೇ ಇರೋ ಜ್ಞಾನ, ಅದೊಂದು ತಪ್ಪಿದ್ರೆ ಏನೋ ಸರಿಯಿಲ್ಲ ಅಂತ ತಕ್ಷಣ ಅನ್ಸುತ್ತೆ, ಹಂಗಾಗಿ ಜಾಗ ಇಲ್ದಿದ್ರೆ ಹಿಂದಿನ ಸ್ವರದಿಂದ ಒಂದು ಫ್ರೇಮ್ ಕದ್ದಾದ್ರೂ ತುಟಿ ಮುಚ್ಚಿಸ್ಬೇಕು. ಮತ್ತೆ ಬಾಯಿ ಶಬ್ದಕ್ಕಿಂತ ಚೂರು ಮುಂಚೆ ಬಂದ್ರೆ ಪರವಾಗಿಲ್ಲ, ತಡವಾದ್ರೆ ಕಷ್ಟ. ಟಿವಿ ಪ್ರಸಾರಕ್ಕೆ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟಿರೋ ಲೆಕ್ಕದಲ್ಲಿ ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದ್ರೆ ಜನ ಕಂಡುಹಿಡೀತಾರೆ, ಅದೇ ಹಿಂದೆ ಬಿದ್ರೆ 125 ಮಿಲಿಸೆಕೆಂಡ್ ತನಕ ಗೊತ್ತಾಗಲ್ಲ. 12 ಫ್ರೇಮಲ್ಲಿ ಒಂದು ಫ್ರೇಮ್ ಅಂದ್ರೆ 83 ಮಿಲಿಸೆಕೆಂಡ್, ಅಂದ್ರೆ ಒಂದೇ ಒಂದು ಫ್ರೇಮ್ ಬಾಯಿ ಹಿಂದೆ ಬಿದ್ರೂ ಸಿಕ್ಕಿಬಿದ್ವಿ, ಒಂದು ಫ್ರೇಮ್ ಮುಂದೆ ಇದ್ರೆ ಬಚಾವ್.

ಕಣ್ಣು ಕಿವಿನ ಎಷ್ಟು ಎಳೆದಾಡುತ್ತೆ ಅಂದ್ರೆ, 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಅನ್ನೋ ಸಂಶೋಧಕರು ಬಾಯಿ "ಗ" ಅನ್ನೋ ವಿಡಿಯೋಗೆ "ಬ" ಅನ್ನೋ ಆಡಿಯೋ ಜೋಡಿಸಿ ತೋರಿಸಿದ್ರು, ನೋಡಿದ ತುಂಬಾ ಜನಕ್ಕೆ ಕೇಳಿಸಿದ್ದು ಎರಡೂ ಅಲ್ಲ, "ಡ". ಈ ಕಾರಣಕ್ಕೇ ಬಾಯಿಯನ್ನ ತಪ್ಪು ತಪ್ಪಾಗಿ ವಿವರವಾಗಿ ಬಿಡಿಸೋದಕ್ಕಿಂತ ಸುಮ್ನೆ ಎರಡೇ ಫ್ರೇಮಲ್ಲಿ ಪಟಪಟ ಅನ್ಸೋದು ಎಷ್ಟೋ ವಾಸಿ.

ವಾಯ್ಸ್ ಇಲ್ಲದ ಗೇಮ್‌ಗಳಲ್ಲಿ ಟೆಕ್ಸ್ಟ್ ಒಂದೊಂದೇ ಅಕ್ಷರ ಟೈಪ್ ಆಗ್ತಾ ಬರುತ್ತಲ್ಲ, 2001ರ ಏಸ್ ಅಟಾರ್ನಿ ಥರ, ಅಲ್ಲಿ ಟೆಕ್ಸ್ಟ್ ಓಡೋ ತನಕ ಬಾಯಿ ಆಡುತ್ತೆ, ನಿಂತ ತಕ್ಷಣ ಬಾಯಿ ಮುಚ್ಚುತ್ತೆ. ಇಲ್ಲಿ ಕನ್ನಡಕ್ಕೆ ಒಂದು ಲಾಭ ಇದೆ, ಅದನ್ನ ಯಾರೂ ಯಾಕೆ ಬಳಸ್ಕೊಳ್ಳಲ್ವೋ ಗೊತ್ತಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಬಾಯಿ ಹೇಗಿರುತ್ತೆ ಅಂತ ಹೇಳೋಕಾಗಲ್ಲ, ಕನ್ನಡದಲ್ಲಿ ಹೆಚ್ಚುಕಮ್ಮಿ ಬರೆದಂಗೇ ಓದ್ತೀವಿ, ಹಿಂದಿಯಲ್ಲಿ ಆಗೋ ಹಾಗೆ ಪದದ ಕೊನೆಯ ಅಕಾರ ನುಂಗಿಹೋಗೋದೂ ಇಲ್ಲ, ಮೇಲಾಗಿ ಯೂನಿಕೋಡ್‌ನಲ್ಲಿ ಸ್ವರ ಚಿಹ್ನೆಗಳು ಪ್ರತ್ಯೇಕ ಕೋಡ್ ಆಗೇ ಕೂತಿರುತ್ತವೆ. ಗುಡಿಸು, ಕೊಂಬು, ಏತ್ವ, ಓತ್ವ ಅಂತ ಶಾಲೆಯಲ್ಲಿ ಕಲಿತದ್ದೇ ನಿಮ್ಮ ಲಿಪ್ ಸಿಂಕ್ ಡೇಟಾ. ಕೊಂಬು, ಓತ್ವ ಬಂದ್ರೆ ದುಂಡು ಬಾಯಿ, ಗುಡಿಸು, ಏತ್ವಕ್ಕೆ ಅಗಲ ಬಾಯಿ, ಏನೂ ಇಲ್ದಿದ್ರೆ ಅಥವಾ ದೀರ್ಘ ಇದ್ರೆ ತೆರೆದ ಬಾಯಿ, ಅಕ್ಷರ ಪವರ್ಗದ್ದಾದ್ರೆ ಮೊದಲು ಒಂದು ಫ್ರೇಮ್ ಮುಚ್ಚಿದ್ದು. ಔತ್ವಕ್ಕೆ ತೆರೆದು ದುಂಡಾಗಿಸಿ. ಒಂದು ಚಿಕ್ಕ ಫಂಕ್ಷನ್‌ನಲ್ಲಿ ಮುಗಿಯೋ ಕೆಲಸ.

ಎರಡು ಕಡೆ ಕಾಲು ಜಾರುತ್ತೆ. ಒಂದು ಸೊನ್ನೆ, "ಕಂಬ"ದಲ್ಲಿ ಅದು ಮ್ ಆಗಿ ತುಟಿ ಮುಚ್ಚಿಸುತ್ತೆ, "ಅಂಕ"ದಲ್ಲಿ ಗಂಟಲಿಗೆ ಹೋಗುತ್ತೆ ತುಟಿ ಮುಟ್ಟಲ್ಲ, ಹಂಗಾಗಿ ಮುಂದಿನ ಅಕ್ಷರ ನೋಡಿ ತೀರ್ಮಾನ ಮಾಡ್ಬೇಕು. ಇನ್ನೊಂದು ಫ, "ಫೋನ್" ಅನ್ನೋವಾಗ ಹಲ್ಲು ಕೆಳತುಟಿ ಮೇಲೆ ಬರುತ್ತೆ, "ಫಲ" ಅನ್ನೋವಾಗ ತುಟಿ ಮುಚ್ಚಬೇಕು, ಅಂದ್ರೆ ಪಂಡಿತರ ಬಾಯಲ್ಲಿ ಮುಚ್ಚುತ್ತೆ, ನಮ್ಮ ನಿಮ್ಮ ಬಾಯಲ್ಲಿ ಎಲ್ಲಾ ಒಂದೇ. ಹಾಂ, ಇನ್ನೊಂದು ಮರೆತಿದ್ದೆ, ಟೆಕ್ಸ್ಟ್ ಟೈಪ್ ಆಗೋ ಎಫೆಕ್ಟ್‌ನ ಕೋಡ್ ಪಾಯಿಂಟ್ (ಯೂನಿಕೋಡ್ ಒಂದೊಂದು ಚಿಹ್ನೆಗೆ ಕೊಟ್ಟಿರೋ ನಂಬರ್) ಲೆಕ್ಕದಲ್ಲಿ ಓಡಿಸ್ಬೇಡಿ, "ಸ್ತ್ರೀ" ಅನ್ನೋ ಒಂದೇ ಅಕ್ಷರದಲ್ಲಿ ಆರು ಕೋಡ್ ಪಾಯಿಂಟ್ ಇವೆ, ನಾನು ಮೊದಲ ಸಲ ಮಾಡಿದಾಗ ಆ ಒಂದು ಅಕ್ಷರಕ್ಕೆ ಬಾಯಿ ಆರು ಸಲ ಬಡ್ಕೊಂಡು, ಸ್ಕ್ರೀನ್ ಮೇಲೆ ಒತ್ತಕ್ಷರ ಒಡೆದು ಒಡೆದು ಕಾಣಿಸಿಕೊಂಡು, ಸೌಂಡ್ ಬೇರೆ ಟಿಕ್ ಟಿಕ್ ಅಂತ ಆರು ಸಲ ಬಂದಿತ್ತು.

ಸರಿ, ಈಗ ಕೈ. ಇಷ್ಟು ಕಡಿಮೆ ಪಿಕ್ಸೆಲ್‌ನಲ್ಲಿ ಸೈನ್ ಲಾಂಗ್ವೇಜ್ ಅರ್ಥ ಆಗೋದುಂಟಾ ಅಂತ ಕೇಳೋರಿಗೆ ನಾನು ಯಾವಾಗ್ಲೂ ಹೇಳೋ ಉದಾಹರಣೆ ಒಂದಿದೆ. 1981ರಲ್ಲಿ ಟಾರ್ಟರ್ ಮತ್ತು ನೋಲ್ಟನ್ ಅನ್ನೋ ಇಬ್ಬರು ನೇಚರ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಸೈನ್ ಮಾಡೋರ ಒಂದೊಂದು ಗ್ಲೌಸ್ ಮೇಲೆ 13 ಹೊಳೆಯೋ ಚುಕ್ಕಿ, ಮೂಗಿನ ಮೇಲೆ ಒಂದು, ಒಟ್ಟು 27. ಎದುರಿಗಿದ್ದವರಿಗೆ ಕಾಣಿಸಿದ್ದು ಕತ್ತಲಲ್ಲಿ ಓಡಾಡೋ ಆ 27 ಚುಕ್ಕಿ ಮಾತ್ರ, ಮುಖ ಇಲ್ಲ, ಕೈ ಇಲ್ಲ, ಆದ್ರೂ ಮಾತುಕತೆ ನಡೀತು. 27 ಚುಕ್ಕಿ ಅಂದ್ರೆ 27 ಪಿಕ್ಸೆಲ್ ಅಂದ್ಕೊಳ್ಳಿ, ನಮ್ಮ ಹತ್ರ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಆದ್ರೆ ಆ ಚುಕ್ಕಿಗಳು ನುಣುಪಾಗಿ ಚಲಿಸ್ತಿದ್ವು, ನಮ್ಮವು ಗ್ರಿಡ್ ಮೇಲೆ ಕುಪ್ಪಳಿಸ್ತವೆ. ಚಲನೆ ಉಳಿದ್ರೆ ಭಾಷೆ ಉಳಿಯುತ್ತೆ, ಕುಪ್ಪಳಿಸೋದನ್ನ ಹೇಗೆ ಸಂಭಾಳಿಸ್ತೀವಿ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ.

ಸೈನ್ ಅಂದ್ರೆ ಸುಮ್ನೆ ಕೈಸನ್ನೆ ಅಲ್ಲ, ಅದಕ್ಕೂ ನಮ್ಮ ವರ್ಣಮಾಲೆ ಥರ ಒಳಗಡೆ ಬಿಡಿಭಾಗಗಳಿವೆ ಅಂತ ಮೊದಲು ತೋರಿಸಿದ್ದು ವಿಲಿಯಂ ಸ್ಟೋಕಿ, 1960ರಲ್ಲಿ. ಅಮೆರಿಕನ್ ಸೈನ್ ಲಾಂಗ್ವೇಜ್‌ನ ಅವರು ಕೈಯ ಆಕಾರ, ಕೈ ಇರೋ ಜಾಗ, ಕೈಯ ಚಲನೆ ಅಂತ ಒಡೆದ್ರು, 19 ಆಕಾರ, 12 ಜಾಗ, 24 ಚಲನೆ. ಆಮೇಲೆ ಬಂದವರು ಅಂಗೈ ಯಾವ ಕಡೆ ತಿರುಗಿದೆ ಅನ್ನೋದನ್ನೂ ಮುಖದ ಭಾವವನ್ನೂ ಸೇರಿಸಿದ್ರು. ಇದರಲ್ಲಿ ಒಂದು ಬದಲಾದ್ರೂ ಪದ ಬದಲಾಗುತ್ತೆ. ಐದೂ ಬೆರಳು ಬಿಡಿಸಿ ಹೆಬ್ಬೆರಳನ್ನ ಗದ್ದಕ್ಕೆ ತಾಗಿಸಿದ್ರೆ ಅಮ್ಮ, ಅದೇ ಕೈ ಹಣೆಗೆ ಹೋದ್ರೆ ಅಪ್ಪ, ಎದೆಗೆ ಬಂದ್ರೆ ಚೆನ್ನಾಗಿದೀನಿ. ತೋರುಬೆರಳನ್ನ ಅಡ್ಡ ಎಳೆದು ಕೊಕ್ಕೆ ಮಾಡೋದನ್ನ ಹಣೆ ಹತ್ರ ಮಾಡಿದ್ರೆ ಬೇಸಿಗೆ, ಮೂಗಿನ ಹತ್ರ ಕುರೂಪ, ಗದ್ದದ ಹತ್ರ ಒಣಗಿದ್ದು. ಈಗ ನಿಮ್ಮ ಸ್ಪ್ರೈಟ್‌ನ (ಗೇಮಲ್ಲಿ ಕಾಣೋ ಪಾತ್ರದ ಚಿತ್ರ) ಮುಖ ಆರು ಪಿಕ್ಸೆಲ್ ಎತ್ತರ ಇದ್ರೆ ಹಣೆಗೂ ಮೂಗಿಗೂ ನಡುವೆ ಇರೋದು ಎರಡೇ ಪಿಕ್ಸೆಲ್, ಒಂದು ಪಿಕ್ಸೆಲ್ ತಪ್ಪಿ ಇಟ್ರೆ ಬೇಸಿಗೆ ಅನ್ನೋಕೆ ಹೋಗಿ ಕುರೂಪಿ ಅಂದಂಗಾಯ್ತು.

ಕೈ ಎಷ್ಟು ದೊಡ್ಡದಿರ್ಬೇಕು ಅನ್ನೋದು ಸುಲಭದ ಗಣಿತ. ಬೆರಳು ಐದು, ಒಂದೊಂದಕ್ಕೆ ಒಂದು ಪಿಕ್ಸೆಲ್, ನಡುವೆ ನಾಲ್ಕು ಸಂದು, ಒಟ್ಟು ಒಂಬತ್ತು ಪಿಕ್ಸೆಲ್ ಅಗಲ, ಅದಕ್ಕಿಂತ ಕಡಿಮೆ ಆದ್ರೆ ಬೆರಳು ಬಿಡಿಸಿದ ಕೈ ಬರೀ ಮುದ್ದೆ. ನಮ್ಮ ಕೈ ಹೆಚ್ಚುಕಮ್ಮಿ ಮುಖದಷ್ಟೇ ಇರುತ್ತೆ, ನಿಮ್ಮ ಅಂಗೈನ ಮುಖದ ಮೇಲಿಟ್ಟು ನೋಡ್ಕೊಳ್ಳಿ ಬೇಕಿದ್ರೆ, ಅಂದ್ರೆ ಕೈ 9 ಆದ್ರೆ ಮುಖ ಹತ್ತು ಹನ್ನೆರಡು, ಕೂದಲು ಸೇರಿ ತಲೆ 16ರ ಹತ್ರ. ಸೈನ್ ಮಾಡೋ ಜಾಗ ಸೊಂಟದಿಂದ ತಲೆಯ ಸ್ವಲ್ಪ ಮೇಲಿನ ತನಕ, ಅಕ್ಕಪಕ್ಕ ಮೊಣಕೈ ಚಾಚುವಷ್ಟು. ಇದೆಲ್ಲಾ ಕೂಡಿಸಿದ್ರೆ ಮತ್ತೆ ಅದೇ 64×64ರ ಅಕ್ಕಪಕ್ಕ ಬಂದು ನಿಲ್ತೀವಿ. ಹಂಗಾಗಿ ಮ್ಯಾಪ್ ಮೇಲೆ ಓಡಾಡೋ 16 ಪಿಕ್ಸೆಲ್ ಬೊಂಬೆ ಕೈಯಲ್ಲಿ ಸೈನ್ ಮಾಡಿಸೋ ಆಸೆ ಬಿಟ್ಟುಬಿಡಿ, ಅದು ಕೈ ಆಡಿಸ್ತಿದೆ ಅನ್ನೋ ಸೂಚನೆ ಕೊಟ್ರೆ ಸಾಕು, ನಿಜವಾದ ಮಾತು ಸೊಂಟದ ತನಕ ಕಾಣೋ ಪೋರ್ಟ್ರೇಟಲ್ಲಿ ನಡೀಲಿ. ಬರೀ ಮುಖ ಕಾಣೋ ಪೋರ್ಟ್ರೇಟ್ ಇಲ್ಲಿ ಕೆಲಸಕ್ಕೆ ಬರಲ್ಲ. ಮತ್ತೆ ಸುಮಾರು ಗೇಮಲ್ಲಿ ಡೈಲಾಗ್ ಬಾಕ್ಸ್ ಬರೋದು ಎಲ್ಲಿ ಹೇಳಿ, ಸರಿಯಾಗಿ ಎದೆ ಮೇಲೆ! ಅಂದ್ರೆ ಕೈ ಇರೋ ಜಾಗವನ್ನೇ ಸಬ್‌ಟೈಟಲ್ ನುಂಗುತ್ತೆ.

ಕೈನ ನಿಜಕ್ಕಿಂತ ಕಾಲು ಭಾಗ ದೊಡ್ಡದಾಗಿ ಬಿಡಿಸಿ, ಕಣ್ಣಿಗೆ ಅಷ್ಟೇನೂ ಹೊಡೆಯಲ್ಲ. ಅಂಗೈಗೂ ಕೈಯ ಹಿಂಭಾಗಕ್ಕೂ ಎರಡು ಬೇರೆ ಶೇಡ್ ಇಟ್ರೆ ಯಾವ ಕಡೆ ತಿರುಗಿದೆ ಅನ್ನೋದು ಒಂದೇ ನೋಟಕ್ಕೆ ಸಿಗುತ್ತೆ. ಕಾರ್ಟೂನ್‌ನಲ್ಲಿ ಮೂರು ಬೆರಳು ಒಂದು ಹೆಬ್ಬೆರಳು ಇರೋ ಕೈ ಇರುತ್ತಲ್ಲ, ದಯವಿಟ್ಟು ಅದನ್ನ ಇಲ್ಲಿ ತರಬೇಡಿ, ನಾಲ್ಕಕ್ಕೂ ಐದಕ್ಕೂ ಇರೋ ವ್ಯತ್ಯಾಸ ಆ ಕೈಯಲ್ಲಿ ಹೇಳೋಕೇ ಆಗಲ್ಲ. ಎರಡು ಬೆರಳು ಜೋಡಿಸಿದ್ರೆ ಅಮೆರಿಕನ್ ಬೆರಳಕ್ಷರದಲ್ಲಿ (ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಕೈ ಆಕಾರ) ಯು, ಬಿಡಿಸಿದ್ರೆ ವಿ, ಒಂದರ ಮೇಲೊಂದು ಹೆಣೆದ್ರೆ ಆರ್, ಮೊದಲೆರಡನ್ನ ಒಂದು ಪಿಕ್ಸೆಲ್ ಸಂದಿನಲ್ಲಿ ತೋರಿಸಬಹುದು, ಮೂರನೇದಕ್ಕೆ ದೇವರೇ ಗತಿ. ಬಟ್ಟೆ ಒಂದೇ ಬಣ್ಣ ಇರ್ಲಿ, ಚರ್ಮದ ಬಣ್ಣಕ್ಕೆ ಎದ್ದು ಕಾಣೋ ಹಾಗೆ. ನಿಜವಾದ ಇಂಟರ್‌ಪ್ರಿಟರ್‌ಗಳೂ ಅದೇ ಕಾರಣಕ್ಕೆ ಪ್ಲೇನ್ ಬಟ್ಟೆ ಹಾಕ್ತಾರೆ.

ಇಷ್ಟೆಲ್ಲಾ ಕೈ ಬಗ್ಗೆ ಹೇಳಿದ ಮೇಲೆ ಒಂದು ತಮಾಷೆ ಕೇಳಿ, ಸೈನ್ ಗೊತ್ತಿರೋರು ನೋಡೋದು ಕೈಯನ್ನಲ್ಲ, ಮುಖವನ್ನ. ಕಣ್ಣು ಹೆಚ್ಚು ಹೊತ್ತು ನೆಟ್ಟಿರೋದು ಎದುರಿನವರ ಮುಖದ ಮೇಲೆ, ಕೈ ಕಣ್ಣಂಚಲ್ಲಿ ದಾಟಿ ಹೋಗುತ್ತೆ. ಯಾಕಂದ್ರೆ ವ್ಯಾಕರಣ ಇರೋದೇ ಮುಖದಲ್ಲಿ. ಅಮೆರಿಕನ್ ಸೈನ್‌ನಲ್ಲಿ ಹೌದಾ ಅಲ್ವಾ ಅನ್ನೋ ಪ್ರಶ್ನೆಗೆ ಹುಬ್ಬು ಮೇಲಕ್ಕೆ, ಯಾರು ಏನು ಎಲ್ಲಿ ಅನ್ನೋದಕ್ಕೆ ಹುಬ್ಬು ಗಂಟು. ಕೈ ಒಂದೇ ಥರ ಇದ್ರೂ ನಾಲಿಗೆ ಚೂರು ಹೊರಗೆ ಬಂದ್ರೆ "ತಡ ಆಯ್ತು" ಅನ್ನೋದು "ಇನ್ನೂ ಆಗಿಲ್ಲ" ಆಗಿಬಿಡುತ್ತೆ. ಅಂದ್ರೆ ಸೈನ್ ಮಾಡೋ ಪಾತ್ರಕ್ಕೂ ಬಾಯಿ ಫ್ರೇಮ್‌ಗಳು ಬೇಕು, ಆದ್ರೆ ಮೇಲೆ ಹೇಳಿದ ಆರು ಆಕಾರ ಅಲ್ಲ, ಬೇರೆಯದೇ ಸೆಟ್. ಪಿಕ್ಸೆಲ್ ಉಳಿಸೋದಾದ್ರೆ ಎಲ್ಲಿ ಬೇಕಾದ್ರೂ ಉಳಿಸಿ, ಹುಬ್ಬಿಗೆ ಮಾತ್ರ ಮೂರು ಸ್ಥಾನ ಇಟ್ಕೊಳ್ಳಿ, ಹಣೆ ಮೇಲೆ ಕೂದಲು ಇಳಿಬಿಟ್ಟು ಹುಬ್ಬು ಮುಚ್ಚೋ ಹೇರ್‌ಸ್ಟೈಲ್ ಅಂತೂ ಬೇಡವೇ ಬೇಡ.

ಫ್ರೇಮ್ ಲೆಕ್ಕ ಇಲ್ಲಿ ಬೇರೆ ಥರ. ಬೆಲುಗಿ ಮತ್ತು ಫಿಶರ್ 1972ರಲ್ಲಿ ಅಳೆದು ನೋಡಿದಾಗ ಒಂದು ಸೈನ್‌ಗೆ ಹಿಡಿಯೋ ಹೊತ್ತು ಒಂದು ಪದದ ಎರಡರಷ್ಟು, ಆದ್ರೂ ಒಂದೇ ವಿಷಯ ಹೇಳೋಕೆ ಎರಡರಲ್ಲೂ ಸುಮಾರು ಒಂದೇ ಸಮಯ ಸಾಕಾಗ್ತಿತ್ತು, ಯಾಕಂದ್ರೆ ಸೈನ್ ಒಂದೇ ಏಟಿಗೆ ಕೈ, ದಿಕ್ಕು, ಮುಖ ಎಲ್ಲದರಲ್ಲೂ ಮಾಹಿತಿ ತುಂಬುತ್ತೆ. ಒಂದು ಸೈನ್‌ಗೆ ಅರ್ಧ ಸೆಕೆಂಡ್ ಹಿಡಿದ್ರೆ 12 ಫ್ರೇಮ್ ವೇಗದಲ್ಲಿ ಆರು ಫ್ರೇಮ್ ಸಿಗುತ್ತೆ. ಭಾಷಾಶಾಸ್ತ್ರದವರು ಸೈನ್‌ನ ಚಲನೆ ಮತ್ತು ನಿಲುಗಡೆ ಅಂತ ಭಾಗ ಮಾಡ್ತಾರೆ, ಅನಿಮೇಟರ್‌ಗಳು ಕೀ ಫ್ರೇಮ್ ಅನ್ನೋದೂ ಹೆಚ್ಚುಕಮ್ಮಿ ಆ ನಿಲುಗಡೆಯನ್ನೇ. ಶುರುವಿನ ನಿಲುಗಡೆ, ಕೊನೆಯ ನಿಲುಗಡೆ ಎರಡಕ್ಕೂ ಬೆರಳು ಸ್ಪಷ್ಟ ಇರ್ಲಿ, ನಡುವಿನ ಎರಡು ಫ್ರೇಮ್ ಮಸುಕಾದ ಸ್ಮಿಯರ್ (ವೇಗಕ್ಕೆ ಎಳೆದುಹೋದ ಹಾಗಿರೋ ಚಿತ್ರ) ಆದ್ರೂ ನಡೆಯುತ್ತೆ, ಆದ್ರೆ ಸ್ಮಿಯರ್ ಯಾವ ದಾರಿಯಲ್ಲಿ ಹೋಯ್ತು ಅನ್ನೋದು ಸರಿ ಇರ್ಬೇಕು, ಕಮಾನಿನ ದಾರಿಯನ್ನ ನೇರ ಗೆರೆ ಮಾಡಿದ್ರೆ ಅದು ಬೇರೆ ಚಲನೆ.

ಕೆಲಸ ಉಳಿಸೋಕೆ ಒಂದು ದಾರಿ ಭಾಷೆಯೇ ಕೊಡುತ್ತೆ. ಬ್ಯಾಟಿಸನ್ ಅನ್ನೋರು 1978ರಲ್ಲಿ ಗುರುತಿಸಿದ ನಿಯಮ, ಎರಡೂ ಕೈ ಚಲಿಸೋ ಸೈನ್‌ನಲ್ಲಿ ಎರಡರ ಆಕಾರವೂ ಚಲನೆಯೂ ಒಂದೇ ಇರುತ್ತೆ, ಆಕಾರ ಬೇರೆ ಬೇರೆ ಇದ್ರೆ ಒಂದು ಕೈ ಸುಮ್ಮನೆ ನಿಂತಿರುತ್ತೆ. ಅಂದ್ರೆ ಮೊದಲನೇ ಥರಕ್ಕೆ ಒಂದು ಕೈ ಬಿಡಿಸಿ ಫ್ಲಿಪ್ ಮಾಡಿ (ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ), ಎರಡನೇದಕ್ಕೆ ಒಂದು ಕೈ ಸ್ಟಿಲ್ ಇಟ್ಟು ಬಿಡಿ. ಮೈ, ಬಲಗೈ, ಎಡಗೈ, ಮುಖ ಅಂತ ಬೇರೆ ಬೇರೆ ಲೇಯರ್ ಮಾಡ್ಕೊಂಡು, ಕೈ ಆಕಾರಗಳ ಒಂದು ಲೈಬ್ರರಿ ಇಟ್ಕೊಂಡ್ರೆ ಹೊಸ ಸೈನ್ ಕಟ್ಟೋದು ಪದ ಜೋಡಿಸಿದ ಹಾಗೆ. ಆದ್ರೆ ಗೇಮ್ ಓಡಿಸೋ ಸಾಫ್ಟ್‌ವೇರ್ ಆದ ಎಂಜಿನ್‌ನಲ್ಲಿ ಕೈ ಸ್ಪ್ರೈಟ್‌ನ ರೊಟೇಟ್ ಮಾಡ್ಬೇಡಿ, 9 ಪಿಕ್ಸೆಲ್ ಕೈ 30 ಡಿಗ್ರಿ ತಿರುಗಿಸಿದ್ರೆ ಬೆರಳೆಲ್ಲಾ ಪುಡಿ ಪುಡಿ, ಓರೆ ಕೋನಗಳನ್ನ ಕೈಯಾರೆ ಬಿಡಿಸಲೇಬೇಕು. ಪಾತ್ರ ಎಡಕ್ಕೆ ತಿರುಗಿದಾಗ ಇಡೀ ಸ್ಪ್ರೈಟ್ ಫ್ಲಿಪ್ ಮಾಡೋ ಅಭ್ಯಾಸನೂ ಇಲ್ಲಿ ಕೈಕೊಡುತ್ತೆ, ಎಡಗೈಯಲ್ಲಿ ಸೈನ್ ಮಾಡೋರು ಇದಾರೆ ಅದರಲ್ಲಿ ತಪ್ಪಿಲ್ಲ, ಆದ್ರೆ ಒಬ್ಬನೇ ಮನುಷ್ಯ ಒಂದೇ ಮಾತುಕತೆಯಲ್ಲಿ ಪ್ರತಿ ಸಲ ತಿರುಗಿದಾಗ್ಲೂ ಕೈ ಬದಲಾಯಿಸಿದ್ರೆ ವಿಚಿತ್ರ.

ಯಾವ ಸೈನ್ ಲಾಂಗ್ವೇಜ್ ಅನ್ನೋದನ್ನ ಮೊದಲೇ ತೀರ್ಮಾನ ಮಾಡಿ. ಅಮೆರಿಕನ್ ಮತ್ತು ಬ್ರಿಟಿಷ್ ಎರಡೂ ಇಂಗ್ಲಿಷ್ ದೇಶದವೇ ಆದ್ರೂ ಒಂದು ಬಲ್ಲವರಿಗೆ ಇನ್ನೊಂದು ಅರ್ಥ ಆಗಲ್ಲ, ಅಮೆರಿಕನ್‌ಗೆ ನಂಟಿರೋದು ಫ್ರೆಂಚ್ ಸೈನ್ ಜೊತೆ. ಅಮೆರಿಕನ್ ಬೆರಳಕ್ಷರ ಒಂದೇ ಕೈಯದ್ದು, ಬ್ರಿಟಿಷ್‌ನದ್ದು ಮತ್ತು ಇಂಡಿಯನ್ ಸೈನ್‌ನಲ್ಲಿ ಬಳಸೋ ಇಂಗ್ಲಿಷ್ ಬೆರಳಕ್ಷರ ಎರಡು ಕೈಯದ್ದು. ಲಿಪ್ ಸಿಂಕ್‌ನ ಡಬ್ ಮಾಡೋವಾಗ ಚಿತ್ರ ಅದೇ ಇಟ್ಟು ಟೈಮಿಂಗ್ ಡೇಟಾ ಮಾತ್ರ ಬದಲಾಯಿಸ್ತೀವಿ, ಸೈನ್‌ನಲ್ಲಿ ಪೂರ್ತಿ ಹೊಸದಾಗಿ ಬಿಡಿಸ್ಬೇಕು. ಡೈಲಾಗ್‌ನ ಪದಕ್ಕೆ ಪದ ಸೈನ್ ಮಾಡೋಕೂ ಹೋಗ್ಬೇಡಿ, ಅದಕ್ಕೆ ಅದರದ್ದೇ ವಾಕ್ಯರಚನೆ ಇದೆ. ಆ ಭಾಷೆ ಮಾತಾಡೋ ಕಿವುಡರಿಂದಲೇ ಸಾಲು ಅನುವಾದ ಮಾಡಿಸಿ, ಅವರು ಸೈನ್ ಮಾಡೋದನ್ನ ವಿಡಿಯೋ ತೆಗೆದು, ಅದರ ಮೇಲೆ ಫ್ರೇಮ್ ಫ್ರೇಮ್ ಬಿಡಿಸಿ. ಇದೇನ್ ಹೊಸದಲ್ಲ, 1989ರ ಪ್ರಿನ್ಸ್ ಆಫ್ ಪರ್ಷಿಯಾಗೆ ಜೋರ್ಡನ್ ಮೆಕ್ನರ್ ತನ್ನ ತಮ್ಮನ ಓಟ, ನೆಗೆತ ವಿಡಿಯೋ ಮಾಡಿ ಹಿಂಗೇ ಬಿಡಿಸಿದ್ದು. 2018ರ ಮಾಸ್ ಗೇಮಲ್ಲಿ ಕ್ವಿಲ್ ಅನ್ನೋ ಪುಟ್ಟ ಇಲಿ ಅಮೆರಿಕನ್ ಸೈನ್ ಮಾಡುತ್ತೆ, ಅದು ತ್ರೀಡಿ ವಿಆರ್ ಗೇಮ್, ಬೆರಳು ಬೇಕಾದಂಗೆ ಬಗ್ಗುತ್ತೆ, ನಮಗೆ ಆ ಸೌಕರ್ಯ ಇಲ್ಲ. ಬಿಡಿಸಿದ ಮೇಲೆ ಟೆಕ್ಸ್ಟ್ ಆಫ್ ಮಾಡಿ, ವಿಡಿಯೋದಲ್ಲಿ ಇಲ್ಲದ ಇನ್ನೊಬ್ಬ ಸೈನರ್‌ಗೆ ತೋರಿಸಿ, ಏನು ಹೇಳ್ತಿದೆ ಅಂತ ಕೇಳಿ. ಮೂಲ ಮಾಡಿದವರಿಗೇ ತೋರಿಸಿದ್ರೆ ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತೆ.

ಕೊನೇದಾಗಿ ರಿಪ್ಲೇ ಬಟನ್. ಟೆಕ್ಸ್ಟ್ ಆದ್ರೆ ಸ್ಕ್ರೀನ್ ಮೇಲೆ ನಿಂತಿರುತ್ತೆ, ಸೈನ್ ಮುಗಿದ್ರೆ ಮಾಯ, ಅದಕ್ಕೇ ಇನ್ನೊಂದ್ಸಲ ತೋರಿಸು ಅನ್ನೋ ಬಟನ್ ಸೆಟ್ಟಿಂಗ್ಸ್ ಒಳಗೆಲ್ಲೋ ಅಲ್ಲ, ಡೈಲಾಗ್ ಬಾಕ್ಸ್ ಪಕ್ಕದಲ್ಲೇ ಇರ್ಬೇಕು. ನಿಧಾನವಾಗಿ ತೋರಿಸೋ ಆಯ್ಕೆ ಕೊಡೋದಾದ್ರೆ ಎಲ್ಲಾ ಫ್ರೇಮ್‌ನೂ ಒಂದೇ ಸಮ ಎಳೀಬೇಡಿ, 12 ಫ್ರೇಮ್ ಇದ್ದದ್ದು ಆರಾದ್ರೆ ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿ ಹಾರಿ ಬೀಳುತ್ತೆ, ಚಲನೆಯೇ ಕಾಣಲ್ಲ. ನಿಲುಗಡೆ ಫ್ರೇಮ್‌ಗಳನ್ನ ಮಾತ್ರ ಉದ್ದ ಮಾಡಿ, ನಡುವಿನ ಚಲನೆನ ಅದರ ವೇಗಕ್ಕೇ ಬಿಡಿ.